ಗಾಳಿಗೂ ಒಂದು ಜರಡಿ

ಕೊಡಗಿನ ತೋಟಗಳಲ್ಲಿ ಒಣಗಿದ ಕಾಫಿ ಕುಶಾಲನಗರದಂಥ ಊರುಗಳ ಕ್ಯೂರಿಂಗ್ ವರ್ಕ್ಸ್ ಸೇರುತ್ತದೆ. ಅಲ್ಲಿ ಸಿಪ್ಪೆ ಕಳೆದು, ಗಾತ್ರ ನೋಡಿ ವಿಂಗಡಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ: ಕರಿಬೀಜ ಹೆಕ್ಕುವುದು. ಹಿಂದೆ ಹೆಂಗಸರು ಸಾಲಾಗಿ ಕುಳಿತು ಮಾಡುತ್ತಿದ್ದ ಈ ಕೆಲಸವನ್ನು ಈಗ ಅನೇಕ ಕಡೆ ಯಂತ್ರ ಮಾಡುತ್ತದೆ. ಜಾರಿ ಬೀಳುವ ಬೀಜಗಳ ಬಣ್ಣವನ್ನು ಕ್ಯಾಮೆರಾ ನೋಡುತ್ತದೆ. ಕರಿಬೀಜ ಕಂಡೊಡನೆ ಪುಟ್ಟ ವಾಲ್ವ್ ತೆರೆದು ಗಾಳಿ ‘ಫುಸ್’ ಎಂದು ಚಿಮ್ಮುತ್ತದೆ; ಆ ಬೀಜ ಪಕ್ಕಕ್ಕೆ ಹಾರುತ್ತದೆ.

ವಾಲ್ವ್‌ನಲ್ಲಿ ಧೂಳು ಸಿಕ್ಕಿಕೊಂಡರೆ? ತೆರೆಯುವುದು ಕ್ಷಣ ತಡವಾದರೂ ಸಾಕು, ಕರಿಬೀಜ ಒಳ್ಳೆಯದರ ಜತೆ ಸೇರುತ್ತದೆ. ಹಿಂದೆ ಬರುವ ಒಳ್ಳೆಯ ಬೀಜ ಹೊರಬೀಳುತ್ತದೆ. ಕೆಲವೇ ಕರಿಬೀಜಗಳು ಲೋಟದ ಕಾಫಿಯ ರುಚಿ ಕೆಡಿಸಬಲ್ಲವು. ಬೆಳೆಗಾರನ ವರ್ಷದ ದುಡಿಮೆಗೆ ಕಣ್ಣಿಗೆ ಕಾಣದ ಕಣವೂ ಕುತ್ತು ತರಬಹುದು.

ಈ ಧೂಳು ಬಂದದ್ದೆಲ್ಲಿಂದ? ಕಂಪ್ರೆಸರ್ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ವಾತಾವರಣಕ್ಕಿಂತ 7 ಬಾರ್ ಹೆಚ್ಚು ಒತ್ತಡಕ್ಕೆ ಅಮುಕಿದಾಗ ಸುಮಾರು 8 ಲೀಟರ್ ಗಾಳಿ 1 ಲೀಟರ್ ಜಾಗದಲ್ಲಿ ಅಡಗುತ್ತದೆ. ಅದರೊಡನೆ ಧೂಳೂ 8 ಪಟ್ಟು ದಟ್ಟವಾಗುತ್ತದೆ. ಗಾಳಿಯ ತೇವ, ತಣ್ಣಗಾದಾಗ ನೀರಾಗಿ ಇಳಿಯುತ್ತದೆ. ಕೊಡಗಿನ ಮಳೆಗಾಲದಲ್ಲಂತೂ ಇದು ಇನ್ನೂ ಹೆಚ್ಚು. ಆ ನೀರಿನಿಂದ ಕಬ್ಬಿಣದ ಕೊಳವೆ ತುಕ್ಕು ಹಿಡಿದರೆ, ತುಕ್ಕಿನ ಪುಡಿಯೂ ಗಾಳಿಯ ಜತೆ ಹೊರಡುತ್ತದೆ.

ಇದನ್ನೆಲ್ಲ ತಡೆಯುವುದು ಫಿಲ್ಟರ್. ಒಳಬಂದ ಗಾಳಿ ಮೊದಲು ಅದರ ಬಟ್ಟಲಿನಲ್ಲಿ ಸುಳಿಯಂತೆ ತಿರುಗುತ್ತದೆ. ನೀರಹನಿ, ದಪ್ಪ ಕಣಗಳು ಗೋಡೆಗೆ ಬಡಿದು ತಳಕ್ಕಿಳಿಯುತ್ತವೆ. ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿ ಸಿಡಿಯುವುದಿಲ್ಲವೆ? ಇದೂ ಹಾಗೆಯೇ. ಆಮೇಲೆ ಗಾಳಿ ಸೂಕ್ಷ್ಮ ರಂಧ್ರಗಳ ಜರಡಿಯನ್ನು ದಾಟಬೇಕು. ಒರಟು ಜರಡಿ 40 ಮೈಕ್ರಾನ್‌ಗಿಂತ, ನಯವಾದದ್ದು 5 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಹಿಡಿಯುತ್ತದೆ. 1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.

ಹಾಗಾದರೆ ಅತಿ ನಯವಾದ ಜರಡಿಯೊಂದೇ ಸಾಲದೆ? ಸಾಲದು. ರಂಧ್ರ ಕಿರಿದಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚು, ಕಟ್ಟಿಕೊಳ್ಳುವುದೂ ಬೇಗ. ಅದಕ್ಕೇ ಮೊದಲು ಒರಟು, ಬಳಿಕ ನಯ. ಬಟ್ಟಲಿನ ನೀರನ್ನು ಆಗಾಗ ಹೊರಬಿಡಲೂ ಬೇಕು. ತುಂಬಿದರೆ ಗಾಳಿ ಅದನ್ನು ಮತ್ತೆ ಎತ್ತಿಕೊಂಡು ಹೋಗುತ್ತದೆ.

ಮಡಿಕೇರಿಯ ಘಾಟಿ ಇಳಿಯುವ ಬಸ್ಸಿನ ಏರ್ ಬ್ರೇಕಿಗೂ ಬೇಕಾದದ್ದು ಇಂಥದೇ ಶುದ್ಧ, ಒಣ ಗಾಳಿ. ಅದರ ಟ್ಯಾಂಕಿನ ನೀರು ಬಿಡಲು ತಗಲುವುದು ಕೆಲವೇ ನಿಮಿಷ. ಅಲ್ಲಿ ಕಾಪಾಡಬೇಕಾದದ್ದು ಮಾತ್ರ ಬೀಜವಲ್ಲ, ಜೀವ.