ಹರಾಜಿನ ವಾಹನವೂ ಗೃಹಸ್ಥನ ವಿವೇಕವೂ



ಮನೆಯ ಹಿರಿಯರು, ಮಕ್ಕಳು, ಮೊಮ್ಮಕ್ಕಳೆಲ್ಲರೂ ಒಂದೇ ವಾಹನದಲ್ಲಿ ಕುಳಿತು ಉಡುತಡಿ, ಬಳ್ಳಿಗಾವಿಗಳನ್ನು ಸಂದರ್ಶಿಸಿ, ಉಳವಿ, ಕೂಡಲಸಂಗಮ, ಶ್ರೀಶೈಲಗಳವರೆಗೆ ಹೋಗಿಬರಬೇಕೆಂಬುದು ನಮ್ಮ ಅನೇಕ ಕುಟುಂಬಗಳ ಬಹುದಿನದ ಹಂಬಲ. ದಾರಿಯಲ್ಲಿ ಇಷ್ಟಲಿಂಗ ಪೂಜೆಗೆ ಅಡ್ಡಿಯಾಗಬಾರದು, ಪ್ರಸಾದಕ್ಕಾಗಿ ಹೋಟೆಲು ಹುಡುಕುವಂತಾಗಬಾರದು, ವಯಸ್ಸಾದವರಿಗೆ ಮೈ ಚಾಚಲು ಸ್ಥಳವಿರಬೇಕು. ಮಂಚ, ಒಲೆ, ನೀರಿನ ತೊಟ್ಟಿಗಳುಳ್ಳ ‘ಕ್ಯಾರವಾನ್’ ಎಂಬ ವಾಹನ ಈ ಹಂಬಲಕ್ಕೆ ಒಪ್ಪುವಂಥದು. ಆದರೆ ಹೊಸದರ ಬೆಲೆ ಗಾಂಧಿ ಬಜಾರಿನ ಸಾಮಾನ್ಯ ವರ್ತಕನ ಕೈಗೆ ಎಟುಕುವುದಿಲ್ಲ. ಆದ್ದರಿಂದ, ಕಂತು ಕಟ್ಟಲಾಗದವರಿಂದ ಬ್ಯಾಂಕು ಅಥವಾ ಫೈನಾನ್ಸ್ ಸಂಸ್ಥೆ ಜಪ್ತಿ ಮಾಡಿದ ಟೆಂಪೋ ಟ್ರಾವೆಲರ್ ಒಂದನ್ನು ಹರಾಜಿನಲ್ಲಿ ಕೊಂಡು, ಒಳಗೆ ಬೇಕಾದ ಏರ್ಪಾಡು ಮಾಡಿಸಿಕೊಂಡರಾಗದೇ ಎಂಬ ಯೋಚನೆ ಸಹಜವಾಗಿಯೇ ಹುಟ್ಟುತ್ತದೆ.

ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಹರಾಜಿನ ಕಟ್ಟೆಯಲ್ಲಿ ಎರಡು ಪರೀಕ್ಷೆಗಳು ನಡೆಯುತ್ತವೆ. ವಾಹನದ ಪರೀಕ್ಷೆ ಒಂದು; ಕೊಳ್ಳುವ ನಮ್ಮ ಪರೀಕ್ಷೆ ಮತ್ತೊಂದು.

ಮೊದಲನೆಯದನ್ನು ನಮ್ಮ ಊರಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆ ಗುರುತಿಸಿ, ಅಡಿಕೆಯನ್ನು ಕತ್ತರಿಸಿ ಒಳಭಾಗ ನೋಡಿದ ಮೇಲೆಯೇ ದರ ಹೇಳುವ ಜಾಣರು ನಾವು. ಅದೇ ಜಾಣ್ಮೆ ಇಲ್ಲಿಯೂ ಬೇಕು. ಜಪ್ತಿಯಾದ ವಾಹನವನ್ನು ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನ ಮೇಲೆ ಮಾರುತ್ತಾರೆ. ಕೂಗು ಮುಗಿದ ಮೇಲೆ ದೂರಿಗೆ ಅವಕಾಶವಿರುವುದು ವಿರಳ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ತಳಕ್ಕೆ ತುಕ್ಕು ಹಿಡಿದಿರಬಹುದು, ವೈರುಗಳನ್ನು ಇಲಿ ಕಡಿದಿರಬಹುದು, ಬ್ಯಾಟರಿ ಸತ್ತು ಟೈರು ಬಿರಿದಿರಬಹುದು. ವೀಕ್ಷಣೆಗೆಂದು ಗೊತ್ತುಪಡಿಸಿದ ದಿನ ನಂಬಿಕೆಯ ಮೆಕ್ಯಾನಿಕ್ಕನ್ನು ಕರೆದೊಯ್ದು, ಅವನಿಗೆ ಕೊಡುವ ಕೂಲಿಯನ್ನು ಉಳಿತಾಯವೆಂದೇ ಭಾವಿಸಬೇಕು.

ಕಾಗದಪತ್ರಗಳ ಪರಿಶೀಲನೆ ಇನ್ನೂ ಮುಖ್ಯ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗಬೇಕು. ತೆರಿಗೆ, ದಂಡ, ವಿಮೆ, ಅರ್ಹತಾ ಪತ್ರಗಳ ಸ್ಥಿತಿಯನ್ನು ಈಗ ಕೇಂದ್ರ ಸಾರಿಗೆ ಇಲಾಖೆಯ ‘ಪರಿವಾಹನ್’ ಜಾಲತಾಣದಲ್ಲಿಯೇ ನೋಡಬಹುದು. ಹಳೆಯ ಬಾಕಿ ಯಾರ ಪಾಲಿಗೆ ಎಂಬುದನ್ನು ಹರಾಜಿನ ಷರತ್ತಿನಲ್ಲಿ ಓದಿ ತಿಳಿಯಬೇಕು. ಸಾಲದ ನಮೂದು ತೆಗೆಸಲು ನಮೂನೆ 35 ಬೇಕು. ಹಳೆಯ ಮಾಲೀಕ ಆರ್.ಸಿ. ಒಪ್ಪಿಸದಿದ್ದರೆ ಸಾಲ ಕೊಟ್ಟ ಸಂಸ್ಥೆ ನಮೂನೆ 36ರ ಮೂಲಕ ತನ್ನ ಹೆಸರಿಗೆ ಹೊಸ ನೋಂದಣಿ ಪಡೆಯಬೇಕಾಗುತ್ತದೆ. ಅದಾಗಿದೆಯೇ ಎಂದು ಕೇಳಲು ಸಂಕೋಚಪಡಬಾರದು. ಹಣವನ್ನು ಸಂಸ್ಥೆಯ ಖಾತೆಗೇ ಕಟ್ಟಬೇಕು. ದಲ್ಲಾಳಿಯ ಕೈಗೆ ನಗದು ಸಲ್ಲದು.

ಕೊಂಡ ಗಾಡಿಯೊಳಗೆ ಮಂಚ, ಒಲೆ ಕೂಡಿಸುವುದು ನಮ್ಮಿಷ್ಟವೆಂದು ತಿಳಿಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ಸ್ವರೂಪಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಆದ್ದರಿಂದ ಏನೇ ಬದಲಾವಣೆ ಇದ್ದರೂ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು. ಹಳದಿ ಫಲಕದ ಬಾಡಿಗೆ ಗಾಡಿಯಾಗಿದ್ದರೆ ಪರವಾನಗಿ, ತೆರಿಗೆಗಳ ಲೆಕ್ಕವೇ ಬೇರೆ. ಮನೆಯ ಅನಿಲ ಸಿಲಿಂಡರನ್ನು ಗಾಡಿಯಲ್ಲಿಟ್ಟು ಅಡುಗೆ ಮಾಡುವ ಸಾಹಸವಂತೂ ಬೇಡ. 2023ರ ಆಗಸ್ಟಿನಲ್ಲಿ ಮಧುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲ್ವೆ ಬೋಗಿಯಲ್ಲಿ, ಒಳಗೆ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು.

ಇನ್ನು ಎರಡನೆಯ ಪರೀಕ್ಷೆ. ಜಪ್ತಿಯಾದ ಪ್ರತಿ ವಾಹನದ ಹಿಂದೆ ಒಂದು ಮುರಿದ ಕಾಯಕವಿದೆ. ಆ ಚಕ್ರಗಳನ್ನೇ ನಂಬಿ ಮಕ್ಕಳ ಶುಲ್ಕ ಕಟ್ಟುತ್ತಿದ್ದ ಮನೆಯೊಂದು ಎಲ್ಲೋ ಇದೆ. ವಾಹನ ಹೋದೊಡನೆ ಅವನ ಸಾಲವೂ ಹೋಯಿತೆಂದು ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಅವನ ಬಾಕಿ 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹರಾಜಿನಲ್ಲಿ ಮೂರೂವರೆ ಲಕ್ಷ ಮಾತ್ರ ಬಂದರೆ ಉಳಿದ ಒಂದೂವರೆ ಲಕ್ಷ ಅವನ ತಲೆಯ ಮೇಲೆಯೇ ಉಳಿಯುತ್ತದೆ. ಐದೂವರೆ ಲಕ್ಷ ಬಂದರೆ ಖರ್ಚು ಕಳೆದು ಮಿಕ್ಕಿದ್ದು ಅವನಿಗೆ ಸಲ್ಲಬೇಕು.

ಹೀಗಿರುವಾಗ ಕೂಗುವವರು ನಾಲ್ಕು ಜನ ಹೊರಗೆ ಸೇರಿ, ‘ಈ ಸಲ ನೀನು ಬಿಡು, ಮುಂದಿನ ಸಲ ನಾನು ಬಿಡುತ್ತೇನೆ’ ಎಂದು ಒಪ್ಪಂದ ಮಾಡಿಕೊಂಡು ಬೆಲೆ ಇಳಿಸಿದರೆ ನಷ್ಟ ಬ್ಯಾಂಕಿನದೆಂದು ಭಾವಿಸಬಾರದು. ಕಾಣದ ಆ ಮನೆಯ ಅನ್ನದಿಂದಲೇ ನಾವು ಲಾಭ ಎತ್ತಿದಂತೆ. ಅಂಥ ವಾಹನದಲ್ಲಿ ಕುಳಿತು ಶರಣರ ಕ್ಷೇತ್ರಗಳಿಗೆ ಹೋದರೆ ಯಾವ ಫಲ? ಕಾಯಕದ ಶುದ್ಧಿಯನ್ನು ಹೇಳುವ ನಾವು ಕ್ರಯದ ಶುದ್ಧಿಯನ್ನೂ ಕಾಪಾಡಬೇಕಲ್ಲವೇ? ವಾಹನಕ್ಕೆ ತಕ್ಕ ಬೆಲೆಯನ್ನು ನೇರವಾಗಿ ಕೂಗಿ ಕೊಂಡವನು ಯಾರಿಗೂ ಅಂಜಬೇಕಾಗಿಲ್ಲ. ಅವನು ಕೊಟ್ಟ ಹಣ ಇನ್ನೊಬ್ಬನ ಸಾಲವನ್ನು ಅಷ್ಟರಮಟ್ಟಿಗೆ ತೀರಿಸುತ್ತದೆ.

ಇನ್ನೊಂದು ಕರ್ತವ್ಯವಿದೆ. ಕೊಂಡ 30 ದಿನಗಳೊಳಗೆ ಹೆಸರು ಬದಲಾವಣೆಗೆ, 14 ದಿನಗಳೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಕೊಡಬೇಕು. ದಾಖಲೆಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಆಲಸ್ಯ ಮಾಡಿದರೆ, ಗಾಡಿ ಕಳೆದುಕೊಂಡವನ ಮೇಲೆ ನಮ್ಮ ಅಪಘಾತದ ಹೊಣೆಯೂ ಬೀಳಬಹುದು.

ಕೊನೆಯದಾಗಿ ಒಂದು ಗೃಹಸೂತ್ರ. ಹರಾಜಿಗೆ ಹೊರಡುವ ಹಿಂದಿನ ರಾತ್ರಿ ಮನೆಯ ಗಂಡಸರು, ಹೆಂಗಸರು ಒಟ್ಟಿಗೆ ಕುಳಿತು ರಿಪೇರಿ, ತೆರಿಗೆ, ವಿಮೆಗಳನ್ನೆಲ್ಲ ಕೂಡಿಸಿ ಗರಿಷ್ಠ ಮೊತ್ತವೊಂದನ್ನು ಬರೆದಿಡಬೇಕು. ಕೂಗಿನ ಬಿಸಿಯಲ್ಲಿ ಅದನ್ನು ದಾಟಬಾರದು. ಆ ಮೊತ್ತಕ್ಕಾಗಿ ಹೊಸ ಸಾಲ ಮಾಡಬೇಕಾದರೆ ಯಾತ್ರೆಯನ್ನು ಬಸ್ಸಿನಲ್ಲಿಯೇ ಮಾಡುವುದು ಲೇಸು. ಇಲ್ಲವಾದರೆ ಅದೇ ಗಾಡಿ ನಾಳೆ ನಮ್ಮ ಅಂಗಳದಿಂದ ಅದೇ ಹರಾಜಿನ ಕಟ್ಟೆಗೆ ಹಿಂದಿರುಗೀತು.