ಒಂಬತ್ತನೆಯ ಅಂತಸ್ತಿನ ಅಜ್ಜಿ

ಹಾವಿಗೆ ಅಂಜುವವನನ್ನು ಕಂಡು ಯಾರೂ ನಗುವುದಿಲ್ಲ. ಬೆಕ್ಕಿಗೋ ಇಕ್ಕಟ್ಟಾದ ಕೋಣೆಗೋ ಅಂಜುವವರು ಸಿಕ್ಕರೆ ಮಾತ್ರ ಮನೆಮಂದಿಗೆಲ್ಲ ವಿನೋದ. ಅಂಜಿದವರ ಎದೆಬಡಿತ ಎರಡೂ ಸಂದರ್ಭಗಳಲ್ಲಿ ಒಂದೇ ಎಂಬುದನ್ನು ನಗುವವರು ಬಲ್ಲರೆ?

ಹಾಸನದ ಕಡೆಯಿಂದ ಮಗನ ಮನೆಗೆಂದು ವೈಟ್‌ಫೀಲ್ಡಿಗೆ ಬಂದ ಅಜ್ಜಿಯೊಬ್ಬರಿಗೆ ಲಿಫ್ಟಿನ ಭಯ. ಬಾಲ್ಯದಲ್ಲಿ ಕಣ್ಣಾಮುಚ್ಚಾಲೆಯಾಡುವಾಗ ಉಗ್ರಾಣದಲ್ಲಿ ಅಡಗಿದ್ದ ಅವರನ್ನು ಅರಿಯದೆ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದರು. ಅಂದಿನ ಕತ್ತಲೆ ಅರವತ್ತು ವರ್ಷ ಕಳೆದರೂ ಅವರನ್ನು ಬಿಟ್ಟಿರಲಿಲ್ಲ. ಮಗನ ಮನೆಯಿರುವುದು ಒಂಬತ್ತನೆಯ ಅಂತಸ್ತಿನಲ್ಲಿ. ಮೆಟ್ಟಿಲಿಳಿಯಲು ಮಂಡಿ ಒಪ್ಪದು. ಹೀಗಾಗಿ ಸಂಕ್ರಾಂತಿಗೆ ಬಂದವರು ದೀಪಾವಳಿಯಾದರೂ ನೆಲ ಮುಟ್ಟಿರಲಿಲ್ಲ. ಊರಿನಲ್ಲಿ ತಂಗಿಯ ಮಗಳ ಮದುವೆ ನಿಶ್ಚಯವಾದ ಸುದ್ದಿ ಬಂದಾಗ ಅವರಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಕಣ್ಣೀರು.

ಎದುರು ಮನೆಯಲ್ಲಿ ಬುರ್ಖಾ ಧರಿಸುವ ಹೆಣ್ಣುಮಗಳೊಬ್ಬಳಿದ್ದಳು. 'ಅವರು ಉತ್ತರದ ಕಡೆಯವರು, ನಮ್ಮ ಮಾತು ಬಾರದು' ಎಂದು ಅಜ್ಜಿ ಮೊದಲ ದಿನವೇ ತೀರ್ಮಾನಿಸಿದ್ದರು. ಹಾಗೆ ಹೇಳಿದವರಾರು? ಯಾರೂ ಇಲ್ಲ. ಉಡುಪು ಹೇಳಿತು, ಅಷ್ಟೆ. ಒಮ್ಮೆ ಬಾಗಿಲಲ್ಲಿ ಎದುರಾದಾಗ ಅಜ್ಜಿ ದೂರದರ್ಶನದಿಂದ ಕಲಿತ ನಾಲ್ಕು ಹಿಂದಿ ಪದಗಳನ್ನು ಕಷ್ಟಪಟ್ಟು ಜೋಡಿಸಿ ಕುಶಲ ವಿಚಾರಿಸಿದರು. ಆಕೆ ನಕ್ಕು, "ಕನ್ನಡದಾಗ ಮಾತಾಡ್ರಿ ಅಮ್ಮಾರ, ನಾವು ಹುಬ್ಬಳ್ಳಿ ಕಡೆಯವರು. ನಮ್ಮ ಅವ್ವಗ ಹಿಂದೀನೂ ಬರೂದಿಲ್ಲ, ಉರ್ದೂನೂ ಬರೂದಿಲ್ಲ" ಎಂದಳು.

ಅಜ್ಜಿಗೆ ನಾಚಿಕೆಯಾಯಿತು. ಆದರೆ ಈ ತಪ್ಪು ಅವರೊಬ್ಬರದೇ ಅಲ್ಲ. ಧರ್ಮವನ್ನು ಕಂಡು ಕುಲವನ್ನೂ ಭಾಷೆಯನ್ನೂ ಊಹಿಸುವುದು ಓದಿದವರಲ್ಲಿಯೂ ಉಂಟು. ಹತ್ತಿ ಹಿಂಜುವ ಕಸುಬಿನ ನದಾಫ ಮನೆತನಗಳಲ್ಲಿ ಹಲವೆಡೆ ಕನ್ನಡವೇ ಮನೆಮಾತು. ಮಂಗಳೂರಿನ ಕಡೆಯ ಬ್ಯಾರಿಗಳಿಗೆ ಬ್ಯಾರಿ ಭಾಷೆ. ಭಟ್ಕಳದ ನವಾಯತರಿಗೆ ನವಾಯತಿ. ಇವರೆಲ್ಲರ ನಮಾಜು ಒಂದೇ, ಅಡುಗೆಮನೆಯ ಮಾತು ಬೇರೆ ಬೇರೆ. ಕನಕಪುರದ ಬಳಿಯ ಹಾರೋಬೆಲೆಯ ಕ್ರೈಸ್ತರು ಅಚ್ಚ ಕನ್ನಡಿಗರು. ಜನಗಣತಿಯವರು ಇದನ್ನು ಬಲ್ಲರು. ಧರ್ಮಕ್ಕೊಂದು ಪ್ರಶ್ನೆ, ಮಾತೃಭಾಷೆಗೆ ಬೇರೊಂದು ಪ್ರಶ್ನೆ ಕೇಳುತ್ತಾರೆ.

ಅಜ್ಜಿಯಿದ್ದ ಊರಿನ ಹೆಸರಿನಲ್ಲಿಯೂ ಇಂಥದೇ ಒಂದು ಗೊಂದಲವಿದೆ. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ಮುಖಂಡ ಡಿ. ಎಸ್. ವೈಟ್ ಎಂಬವರಿಂದ ಬಂದದ್ದು ವೈಟ್‌ಫೀಲ್ಡ್ ಎಂಬ ಹೆಸರು. ಆ ಸಮುದಾಯದವರು ನೆಲೆಸಿ ಬೇಸಾಯ ಮಾಡಲೆಂದು 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಭೂಮಿ ಕೊಟ್ಟರು. ಆಂಗ್ಲೋ ಇಂಡಿಯನ್ ಎಂದರೆ ಇಗರ್ಜಿಗೆ ಹೋಗುವವರು ಎಂದೇ ಹಲವರ ತಿಳಿವಳಿಕೆ. ಸಂವಿಧಾನದ 366ನೆಯ ಅನುಚ್ಛೇದವಾದರೋ ತಂದೆಯ ಕಡೆಯ ಐರೋಪ್ಯ ವಂಶವನ್ನೂ ಭಾರತದಲ್ಲಿನ ಜನನ, ನೆಲಸಿಕೆಗಳನ್ನೂ ಹೇಳುತ್ತದೆ. ಧರ್ಮದ ಮಾತನ್ನೇ ಎತ್ತುವುದಿಲ್ಲ.

ಭಯಕ್ಕೂ ಈ ಬಗೆಯ ತಪ್ಪೆಣಿಕೆಗೂ ದೂರದ ನಂಟೇನಲ್ಲ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಾಟ್ಸನ್ ಒಂದು ಹಸುಗೂಸಿಗೆ ಬಿಳಿ ಇಲಿಯನ್ನು ತೋರಿಸಿದಾಗಲೆಲ್ಲ ಹಿಂದಿನಿಂದ ಕರ್ಕಶ ಸದ್ದು ಮಾಡಿಸಿ ಭಯ ಕಲಿಸಿದ. ಕೂಸು ಇಲಿಗೆ ಅಂಜಿತು. ಬಳಿಕ ಮೊಲಕ್ಕೂ, ನಾಯಿಗೂ, ತುಪ್ಪಟದ ಕೋಟಿಗೂ ಅಂಜಿತು. ಮೈಮೇಲೆ ಕೂದಲಿರುವುದೆಲ್ಲ ಅದರ ಪಾಲಿಗೆ ಒಂದೇ ಜಾತಿ! (ಕೂಸಿನ ಮೇಲೆ ಇಂಥ ಪ್ರಯೋಗ ನಡೆಸಿದ್ದನ್ನು ಮೆಚ್ಚುವಂತಿಲ್ಲ.) ನಾಲ್ಕು ವರ್ಷದ ತರುವಾಯ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಮೊಲಕ್ಕೆ ಹೆದರುತ್ತಿದ್ದ ಬೇರೊಬ್ಬ ಬಾಲಕನಿಗೆ ಇಷ್ಟವಾದ ತಿಂಡಿ ಕೊಡುತ್ತ, ಮೊಲವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ ಸಂಗತಿಯನ್ನು ಪ್ರಕಟಿಸಿದಳು. ದೂರ ಓಡಿದಷ್ಟೂ ಭಯ ಬೆಳೆಯುತ್ತದೆ. ಅಳತೆಯರಿತು ಸಮೀಪಿಸಿದರೆ ಕರಗುತ್ತದೆ. ಇಂದಿನ ವೈದ್ಯರ ಚಿಕಿತ್ಸೆಯ ತಿರುಳೂ ಇದೇ.

ಹುಬ್ಬಳ್ಳಿಯ ಹೆಣ್ಣುಮಗಳು ಈ ಶಾಸ್ತ್ರವನ್ನು ಓದಿದವಳಲ್ಲ. ಮದುವೆಯ ವಿಷಯ ಕೇಳಿದ ಮೇಲೆ ಆಕೆಯೇ ಅಜ್ಜಿಯ ಕೈ ಹಿಡಿದಳು. ಮೊದಲ ದಿನ ಲಿಫ್ಟಿನ ಮುಂದೆ ಸುಮ್ಮನೆ ನಿಂತು ಮಾತಾಡಿದರು. ಮರುದಿನ ಆಕೆ ಗುಂಡಿಯನ್ನು ಒತ್ತಿಹಿಡಿದು ಬಾಗಿಲು ಮುಚ್ಚದಂತೆ ನೋಡಿಕೊಂಡಳು; ಅಜ್ಜಿ ಒಳಗೆ ಹೋಗಿ ಹಿಂದಿರುಗಿದರು. ಮೂರನೆಯ ದಿನ ಒಂದೇ ಅಂತಸ್ತು ಇಳಿದು ಮೆಟ್ಟಿಲೇರಿ ಬಂದರು. ಆ ಇಳಿತದ ಉದ್ದಕ್ಕೂ ಜೋಳದ ರೊಟ್ಟಿ ತಟ್ಟುವಾಗ ನೀರು ಎಷ್ಟು ಬಿಸಿಯಿರಬೇಕೆಂಬ ಚರ್ಚೆ. ಐದನೆಯ ದಿನ ಮಾತ್ರ ಅಜ್ಜಿ, "ನನ್ನ ಕೈಲಾಗದು ಕಣಮ್ಮ" ಎಂದು ಹೊಸ್ತಿಲಿನಿಂದಲೇ ಹಿಂದಿರುಗಿ ಇಡೀ ದಿನ ಮಲಗಿದ್ದರು. ಆಕೆ ಒತ್ತಾಯಿಸಲಿಲ್ಲ, ಸಂಜೆ ಒಂದು ಬಟ್ಟಲು ಶೇಂಗಾ ಚಟ್ನಿಯನ್ನು ಕಳುಹಿಸಿದಳು.

ಮದುವೆಗೆ ಹೊರಟ ಬೆಳಗ್ಗೆ ಅಜ್ಜಿ ಕಂಬಿ ಹಿಡಿದು, ಕಣ್ಣು ತೆರೆದೇ ನಿಂತಿದ್ದರು. ಪಕ್ಕದಲ್ಲಿ ಆಕೆ. ನಾಲ್ಕನೆಯ ಅಂತಸ್ತಿನಲ್ಲಿ ಹಣೆಗೆ ಕುಂಕುಮವಿಟ್ಟ, ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದ ತರುಣನೊಬ್ಬ ಒಳಬಂದ. ಅಜ್ಜಿಗೆ ನಮ್ಮವನೇ ಒಬ್ಬ ಬಂದನೆಂದು ಧೈರ್ಯವಾಗಿ, "ಯಾವೂರಪ್ಪ ನಿಮ್ಮದು?" ಎಂದರು. ಅವನು ಕಣ್ಣು ಕಣ್ಣು ಬಿಟ್ಟು, ಕನ್ನಡ ತಿಳಿಯದೆಂದು ಹಿಂದಿಯಲ್ಲಿ ಹೇಳಿದ, ಒಡಿಶಾದವನಂತೆ. ಅಜ್ಜಿ ಆಕೆಯ ಮುಖ ನೋಡಿದರು, ಆಕೆ ಅಜ್ಜಿಯ ಮುಖ ನೋಡಿದಳು. ಇಬ್ಬರೂ ನಗುತ್ತಿದ್ದಂತೆ ಲಿಫ್ಟು ನೆಲ ಮುಟ್ಟಿತು.