ಸ್ಪರ್ಶವೂ ಸಂಕಲ್ಪವೂ

ಮುಟ್ಟಿದುದೆಲ್ಲವೂ ಆಜ್ಞೆಯಲ್ಲವೆಂಬ ವಿವೇಕವು ಯಂತ್ರಕ್ಕೆ ಹುಟ್ಟುಗುಣವಲ್ಲ. ಅದನ್ನು ವಿನ್ಯಾಸಕಾರನೇ ಕಲಿಸಬೇಕು. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ರಾಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ಬೆರಳ ಸೋಂಕನ್ನು ಅರಿಯುವ ಪರದೆಯನ್ನು ವಿವರಿಸಿದಂದಿನಿಂದ ಇಂದಿನ ಮೊಬೈಲಿನವರೆಗೂ, ಸಂವೇದಕವು ಬಲ್ಲುದು ವಿದ್ಯುತ್ ಧಾರಕತೆಯಂತಹ ಭೌತಿಕ ಗುಣದ ಏರಿಳಿತವನ್ನೇ ಹೊರತು ಮುಟ್ಟಿದವನ ಮನಸ್ಸನ್ನಲ್ಲ. ಆದುದರಿಂದ ತಂತ್ರಾಂಶವು ಸ್ಪರ್ಶದ ವಿಸ್ತಾರ, ಆಕಾರ, ಅವಧಿ, ಸ್ಥಾನಗಳನ್ನು ತೂಗಿನೋಡಿ, ಅಗಲವಾಗಿ ಒರಗಿದ ಅಂಗೈಯನ್ನು ಕಡೆಗಣಿಸಿ ಕಿರಿದಾದ ಬೆರಳ ತುದಿಯನ್ನು ಮನ್ನಿಸುತ್ತದೆ. ಕರೆಯ ವೇಳೆ ಕೆನ್ನೆ ಸಮೀಪಿಸಿದೊಡನೆ ಸಾಮೀಪ್ಯ ಸಂವೇದಕದ ಸೂಚನೆಯಿಂದ ಪರದೆಯನ್ನೇ ಆರಿಸುತ್ತದೆ.

ಆದರೂ ತಂತ್ರಾಂಶದ ಈ ಊಹೆಯು ಎರಡು ಬಗೆಯಲ್ಲಿ ತಪ್ಪಬಹುದು: ಆಕಸ್ಮಿಕವನ್ನು ಸಂಕಲ್ಪವೆಂದೆಣಿಸುವುದು ಒಂದು, ಸಂಕಲ್ಪವನ್ನು ಆಕಸ್ಮಿಕವೆಂದು ತಳ್ಳುವುದು ಮತ್ತೊಂದು. ಇವೆರಡನ್ನು ಬೇರ್ಪಡಿಸುವ ಮಿತಿಯನ್ನು ಏರಿಳಿಸಿ ಒಂದನ್ನು ತಗ್ಗಿಸಿದರೆ ಇನ್ನೊಂದು ಹೆಚ್ಚುತ್ತದೆ. ಹೀಗಿರುವಲ್ಲಿ, ದೀಪ ಹೊತ್ತಿಸುವ ಸ್ಪರ್ಶಕ್ಕೂ ಹಣ ಕಳುಹಿಸುವ ಸ್ಪರ್ಶಕ್ಕೂ ಒಂದೇ ಅಳತೆ ಸಲ್ಲದು. ತಪ್ಪಿನ ಬೆಲೆ ಅಲ್ಪವಾದೆಡೆ ಯಂತ್ರವು ಉದಾರವಾಗಿರಲಿ. ಹಿಂದೆಗೆಯಲಾಗದ ಕಾರ್ಯಕ್ಕೆ ಮಾತ್ರ, ಒತ್ತಿಹಿಡಿಯಲು ಹೇಳಿಯೋ ಮತ್ತೊಮ್ಮೆ ಕೇಳಿಯೋ, ನಿಧಾನಿಸಲಿ. ವೃದ್ಧಾಪ್ಯದಿಂದ ನಡುಗುವ ಬೆರಳಿಗೆ ತಕ್ಕಂತೆ ಆ ಅಳತೆಯನ್ನು ಬದಲಿಸುವ ಅಧಿಕಾರವು ತಯಾರಕನಿಗಲ್ಲ, ಬಳಸುವವನಿಗೇ ಇರಲಿ.